ಬಾದಾಮಿ ಚಾಲುಕ್ಯರ ಆನೆಯ ಬೆನ್ನ ಮೇಲೆ ಏನಿರಬೇಕು?

ಮಾಟುಂಗಾ ಗೊಂಬೆಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನವರಾತ್ರಿಗೆ ಮೈಸೂರಿನಿಂದ ತಂದ ಗೊಂಬೆಗಳನ್ನು ಕೂರಿಸುತ್ತಿದ್ದರು. ದೀಪಾವಳಿ ಬಂತೆಂದರೆ ಕಟ್ಟಡದ ಮರಾಠಿ ಹುಡುಗರೊಡನೆ ಸೇರಿ ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟಿ, ಅದರ ಮೆಟ್ಟಿಲುಗಳ ಮೇಲೆ ಮಾವಳೆಗಳನ್ನು, ಅಂದರೆ ಶಿವಾಜಿಯ ಸೈನಿಕರ ಬೊಂಬೆಗಳನ್ನು, ನಿಲ್ಲಿಸುತ್ತಿದ್ದೆವು. ಐವತ್ತು ದಾಟಿದ ಮೇಲೂ ಬೆರಳುದ್ದವೂ ಇಲ್ಲದ ಲೋಹದ ಸೈನಿಕರಿಗೆ ಬಣ್ಣ ಹಚ್ಚುತ್ತ ಕುಳಿತಿರುವುದಕ್ಕೆ ಇವೆರಡರ ಹೊರತು ಬೇರೆ ಸಮರ್ಥನೆ ನನ್ನಲ್ಲಿಲ್ಲ.

ವಿಷಯಕ್ಕೆ ಬರುತ್ತೇನೆ. ಇಮ್ಮಡಿ ಪುಲಕೇಶಿಗೂ ಹರ್ಷವರ್ಧನನಿಗೂ ನರ್ಮದೆಯ ಕಡೆ ನಡೆದ ಯುದ್ಧವನ್ನು 15 ಮಿ.ಮೀ. ಅಳತೆಯಲ್ಲಿ ಸಿದ್ಧಪಡಿಸುತ್ತಿದ್ದೇನೆ. ಡಿಬಿಎ ಎಂಬ, ಬೊಂಬೆ ಸೈನ್ಯಗಳಿಂದ ದಾಳ ಹಾಕಿ ಆಡುವ ಯುದ್ಧದಾಟದ ನಿಯಮದಂತೆ ಪ್ರತಿ ಪಕ್ಷಕ್ಕೆ 12 ತುಕಡಿ, ಪ್ರತಿ ತುಕಡಿಯ ಬೊಂಬೆಗಳನ್ನು ಅಂಟಿಸಲು 40 ಮಿ.ಮೀ. ಅಗಲದ ಬೇಸು, ಎರಡಡಿ ಚೌಕದ ಹಲಗೆಯಿದ್ದರೆ ಆಯಿತು, ಟ್ರಂಕಿನ ಮೇಲೂ ಸಾಮ್ರಾಜ್ಯಗಳು ಕಾದಾಡಬಹುದು. ತೊಡಕಿರುವುದು ಬೊಂಬೆಗಳಲ್ಲಿ. ಪುಲಕೇಶಿಯ ಹೆಸರಿನಲ್ಲಿ ಎರಕ ಹೊಯ್ದ ಸೈನ್ಯ ನನಗೆ ಎಲ್ಲಿಯೂ ಸಿಗಲಿಲ್ಲ. ಸಿಕ್ಕಿದ್ದು ‘ಪ್ರಾಚೀನ ಭಾರತೀಯರು’ ಎಂಬ ಪೊಟ್ಟಣ. ಅದನ್ನು ಮಾಡಿದವರ ಮನಸ್ಸಿನಲ್ಲಿದ್ದವನು ಕ್ರಿ.ಪೂ. 326ರಲ್ಲಿ ಅಲೆಕ್ಸಾಂಡರನನ್ನು ಎದುರಿಸಿದ ಪೌರವ (ಪೋರಸ್). ಅವನಿಗೂ ಪುಲಕೇಶಿಗೂ ನಡುವೆ ಒಂಬತ್ತು ಶತಮಾನಗಳಿಗೂ ಮಿಕ್ಕ ಅಂತರವಿದೆ. ಆರು ಆನೆಗಳಲ್ಲಿ ನಾಲ್ಕರ ಬೆನ್ನ ಮೇಲೆ ಗೋಪುರದಂತಹ ಮರದ ಅಂಬಾರಿ ಎರಕದಲ್ಲಿಯೇ ಅಂಟಿಕೊಂಡು ಬಂದಿದೆ, ಉಳಿದೆರಡಕ್ಕೆ ಬರಿಯ ಜೂಲು ಹೊದಿಸಿದ್ದಾರೆ. ಅಂಬಾರಿಯನ್ನು ಗರಗಸದಿಂದ ಕತ್ತರಿಸಿಬಿಟ್ಟರೆ ಮತ್ತೆ ಕೂಡಿಸಲು ಬಾರದು. ಕತ್ತರಿಸಲೋ, ಹಾಗೆಯೇ ಬಿಡಲೋ?

ಡೊಂಬಿವಲಿ ಮೇಷ್ಟ್ರು

ಮಾನ್ಯರೇ, ಕತ್ತರಿಸಿ. ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಬೇಸರಿಸಬಾರದು.

ಈ ಯುದ್ಧಕ್ಕೆ ನಮ್ಮ ಮುಖ್ಯ ಸಾಕ್ಷಿ ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿರುವ ರವಿಕೀರ್ತಿಯ ಶಾಸನ. ಕಾಲ ಶಕ ವರ್ಷ 556, ಅಂದರೆ ಕ್ರಿ.ಶ. 634-35. ಯುದ್ಧದಲ್ಲಿ ಬಿದ್ದ ಗಜೇಂದ್ರರ ಸಾಲನ್ನು ಕಂಡು ಬೀಭತ್ಸಗೊಂಡ ಹರ್ಷನ ಹರ್ಷವೇ ಭಯದಿಂದ ಜಾರಿಹೋಯಿತೆಂದು ಕವಿ ಶ್ಲೇಷೆಯಾಡುತ್ತಾನೆ. ಆದ್ದರಿಂದ ನಿಮ್ಮ ಹಲಗೆಯ ಮೇಲೆ ಹೆಚ್ಚು ಆನೆಗಳಿರಬೇಕಾದದ್ದು ಹರ್ಷನ ಕಡೆ, ಮತ್ತು ಬೀಳಬೇಕಾದದ್ದೂ ಅವೇ. ಯುದ್ಧದ ವರ್ಷದ ಬಗ್ಗೆ ಹಿಂದೆ ಬಹಳ ವಾದವಿತ್ತು; ಪುಣೆಯ ಭಾಂಡಾರಕರ ಸಂಸ್ಥೆಯ ವಿದ್ವಾಂಸರು ಓದಿ ಪ್ರಕಟಿಸಿದ, 619ರ ಏಪ್ರಿಲ್ ತಿಂಗಳ ತಾಮ್ರಪಟವು ಹರ್ಷನ ಮೇಲಿನ ಜಯವನ್ನು ಆಗಲೇ ಹೇಳುವುದರಿಂದ, 618-19ರ ಚಳಿಗಾಲವೆಂದು ಹಿಡಿಯುವುದು ಈಗ ಸಮಂಜಸ. ಇದು ಬಣ್ಣ ಹಚ್ಚುವವರಿಗೂ ಉಪಯೋಗದ ಮಾತು: ನಿಮ್ಮ ಹಲಗೆಯ ಹುಲ್ಲು ಮಳೆಗಾಲದ ಹಸಿರಾಗಿರದೆ, ಒಣಗತೊಡಗಿದ ಹೊಂಬಣ್ಣವಾಗಿರಲಿ.

ಆನೆಯ ಬೆನ್ನಿನ ಬಗ್ಗೆ ಶಾಸನ ಏನನ್ನೂ ಹೇಳುವುದಿಲ್ಲ. ಆದರೆ ನಿಮ್ಮಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿ ಅಜಂತಾ ಇದೆ. ಅಲ್ಲಿನ 17ನೆಯ ಗುಹೆಯ ಸಿಂಹಲಾವದಾನದ (ಸಿಂಹಲನೆಂಬವನ ಬೌದ್ಧ ಕಥೆಯ) ಚಿತ್ರದಲ್ಲಿ ಆನೆಗಳೂ ಕುದುರೆಗಳೂ ಹಡಗಿನಿಂದ ಇಳಿದು ಯುದ್ಧಕ್ಕೆ ನುಗ್ಗುತ್ತವೆ. ಸವಾರರು ಆನೆಯ ಬೆನ್ನಿಗೆ ಕಾಲು ಚಾಚಿ ಕುಳಿತು ಈಟಿ ಹಿಡಿದಿದ್ದಾರೆ, ಪೆಟ್ಟಿಗೆಯಾಗಲಿ ಗೋಪುರವಾಗಲಿ ಇಲ್ಲ. ಅದು ವಾಕಾಟಕರ ಐದನೆಯ ಶತಮಾನ, ಪುಲಕೇಶಿಗಿಂತ ಒಂದೂವರೆ ಶತಮಾನ ಹಿಂದಿನದು ಎಂಬುದನ್ನು ಒಪ್ಪುತ್ತೇನೆ. ಆದರೂ ಪೌರವನಿಗಿಂತ ಎಷ್ಟೋ ಹತ್ತಿರ. ಪೌರವನಿಗಾದರೂ ಗೋಪುರ ಸಲ್ಲುವುದೇ? ಮೆಗಾಸ್ತನೀಸನ ಮಾತನ್ನು ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಉಳಿಸಿಕೊಟ್ಟಿದ್ದಾನೆ: ಒಬ್ಬ ಮಾವುತ, ಮೂವರು ಬಿಲ್ಲಾಳುಗಳು. ಗೋಪುರವು ಅಲೆಕ್ಸಾಂಡರನ ನಂತರದ ಗ್ರೀಕ್ ದೊರೆಗಳ ಸೈನ್ಯದ್ದು. ನಿಮಗೆ ಎರಕ ಮಾರಿದವರು ಅದನ್ನು ಭಾರತೀಯರ ತಲೆಗೂ, ಕ್ಷಮಿಸಿ, ಬೆನ್ನಿಗೂ ಕಟ್ಟಿದ್ದಾರೆ.

ಪೊಟ್ಟಣದಲ್ಲಿ ರಥಗಳೂ ಇದ್ದಿರಬಹುದು. ಅವನ್ನು ಡಬ್ಬಿಯಲ್ಲಿಯೇ ಇಡಿ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಕಂಬಗಳಲ್ಲಿ ರಥವಿದೆಯಲ್ಲ ಎಂದು ಯಾರಾದರೂ ವಾದಿಸಿದರೆ, ಅದು ರಾಮಾಯಣ ಮತ್ತು ಮಹಾಭಾರತದ ರಥ, ಚಾಲುಕ್ಯರ ದಂಡಿನದಲ್ಲ ಎಂದು ಹೇಳಿ.

ಕೋಥ್ರೂಡ್ ಕುಂಚ

ಮೇಷ್ಟ್ರ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಗರಗಸ ಹಿಡಿಯುವ ಮುನ್ನ ಆ ಆನೆ ಭಾರತದ್ದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಮ್ಮ ಆನೆಗೆ ತಲೆಯ ಮೇಲೆ ಎರಡು ಉಬ್ಬು, ಬಿಲ್ಲಿನಂತೆ ಬಾಗಿದ ಬೆನ್ನು, ಸಣ್ಣ ಕಿವಿ. ಆಫ್ರಿಕಾದ ಆನೆಯ ಕಿವಿ ಹೆಗಲನ್ನೇ ಮುಚ್ಚುತ್ತದೆ, ಬೆನ್ನು ನಡುವೆ ತಗ್ಗಿರುತ್ತದೆ. ಕಿವಿಯನ್ನು ಬ್ಲೇಡಿನಿಂದ ಕೆತ್ತಿ ಸಣ್ಣದು ಮಾಡಬಹುದು. ಬೆನ್ನಿನ ತಗ್ಗನ್ನು ತುಂಬಲು ಎಪಾಕ್ಸಿ ಪುಟ್ಟಿಯೇ ಬೇಕು. ಅಂಬಾರಿ ಕತ್ತರಿಸಿದ ಗಾಯವನ್ನೂ ಅದೇ ಪುಟ್ಟಿಯಿಂದ ಮುಚ್ಚಿ, ಅದು ಗಟ್ಟಿಯಾಗುವ ಮೊದಲು ಒದ್ದೆ ಮಾಡಿದ ಹಲ್ಲುಕಡ್ಡಿಯಿಂದ ಒತ್ತಿ ಜೂಲಿನ ಮಡಿಕೆಗಳನ್ನು ತೆಗೆದರೆ, ಅಲ್ಲಿ ಏನಿತ್ತೆಂದು ಯಾರಿಗೂ ತಿಳಿಯುವುದಿಲ್ಲ.

ಇನ್ನು ಬಣ್ಣ. ಕಲ್ಲಿನಲ್ಲಿ ಕತ್ತಿಯ ಆಕಾರವಿದೆ, ಗುರಾಣಿಯ ಅಂಚಿದೆ, ಧೋತರದ ಗೆರೆಯೂ ಇದೆ, ಬಣ್ಣ ಮಾತ್ರವಿಲ್ಲ. ರೋಮನ್ನರ ಸೈನ್ಯಕ್ಕೆ ಎಲ್ಲರೂ ಕೆಂಪು ಬಳಿಯುವ ಹಾಗೆ ಚಾಲುಕ್ಯರಿಗೂ ಒಂದು ಸಮವಸ್ತ್ರ ಕಲ್ಪಿಸಿಕೊಳ್ಳುವ ಆಸೆ ನಿಮಗೆ ಹುಟ್ಟುತ್ತದೆ, ಅದನ್ನು ಹತ್ತಿಕ್ಕಿ. ನಾನು ಅನುಸರಿಸುವ ಕ್ರಮ ಹೀಗಿದೆ. ಅಜಂತಾದ ಚಿತ್ರಕಾರರ ಬಳಿ ಇದ್ದದ್ದು ಕಾವಿ ಕೆಂಪು, ಹಳದಿ ಮಣ್ಣು, ಹಸಿರು ಮಣ್ಣು, ಕಾಡಿಗೆ, ಸುಣ್ಣದ ಬಿಳಿ, ಮತ್ತು ದೂರದಿಂದ ಬರುತ್ತಿದ್ದ ಲಾಜವರ್ದದ (ಲ್ಯಾಪಿಸ್ ಲಾಜುಲಿ ಕಲ್ಲಿನ) ನೀಲಿ. ಈ ಆರರಿಂದಾಚೆ ನಾನು ಹೋಗುವುದಿಲ್ಲ. ಕಾಲಾಳುಗಳ ಬಟ್ಟೆಯಲ್ಲಿ ಮುಕ್ಕಾಲು ಪಾಲು ಬಣ್ಣ ಹಾಕದ ಹತ್ತಿ. ಅದಕ್ಕೆ ಶುದ್ಧ ಬಿಳಿಯನ್ನು ಬಳಿಯಬಾರದು, ತೆಳುಗಂದಿನ ಮೇಲೆ ದಂತದ ಬಿಳಿಯನ್ನು ಎಳೆಯಬೇಕು. ಉಳಿದವರಿಗೆ ಮಂಜಿಷ್ಠದ ಇಟ್ಟಿಗೆಗೆಂಪು, ನೀಲಿ ಗಿಡದ ಮಾಸಿದ ನೀಲಿ. ಲಾಜವರ್ದದಂಥ ಹೊಳೆಯುವ ನೀಲಿಯನ್ನು ದೊರೆಯ ಕೊಡೆಗೂ ಧ್ವಜಕ್ಕೂ ಮಾತ್ರ ಮೀಸಲಿಡಿ. ಎರಡಡಿ ದೂರದಿಂದ ನೋಡಿದಾಗ ಸೇನಾಪತಿ ಎಲ್ಲಿದ್ದಾನೆಂದು ಕಣ್ಣಿಗೆ ತಾನಾಗಿಯೇ ತಿಳಿಯುತ್ತದೆ.

ಆನೆಗೆ ಬರಿಯ ಬೂದು ಬಣ್ಣ ಬಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಡುಗಂದು ಮತ್ತು ಕಪ್ಪನ್ನು ಬೆರೆಸಿ ತಳಕ್ಕೆ ಹಾಕಿ, ಒಣಗಿದ ಮೇಲೆ ಕಂದು ಛಾಯೆಯ ಬೂದು ಬಣ್ಣವನ್ನು ಡ್ರೈ ಬ್ರಶ್ ಮಾಡಿ, ಅಂದರೆ ಬಹುತೇಕ ಒಣಗಿದ ಕುಂಚದಿಂದ ತೆಳುವಾಗಿ ಉಜ್ಜಿ. ಕಿವಿಯ ಅಂಚು, ಸೊಂಡಿಲಿನ ಬುಡ ಮತ್ತು ಹಣೆಗೆ ಗುಲಾಬಿ ಬೆರೆಸಿದ ಚುಕ್ಕೆಗಳನ್ನಿಡಿ. ವಯಸ್ಸಾದ ನಮ್ಮ ಆನೆಗಳಿಗೆ ಆ ಚುಕ್ಕೆ ಇದ್ದೇ ಇರುತ್ತದೆ. ದಂತದ ತುದಿಗೆ ಉಕ್ಕಿನ ಬಣ್ಣ ಕೊಡಿ. ದಂತಗಳಿಗೆ ಚೂಪಾದ ಮೊನೆ ತೊಡಿಸುತ್ತಿದ್ದರೆಂದು ಹ್ಯೂಯೆನ್‌ತ್ಸಾಂಗ್ ಬರೆದಿದ್ದಾನೆ.

ಕಣ್ಣು ಕೊನೆಗೆ. ಪೇಣ್‌ನ ಗಣಪತಿ ಕಾರ್ಖಾನೆಗಳಲ್ಲಿ ‘ಆಖಣಿ’ ಮಾಡುವವರನ್ನು ಗಮನಿಸಿ: ಮೈಗೆ ಬಣ್ಣ ಯಾರಾದರೂ ಹಚ್ಚುತ್ತಾರೆ, ಕಣ್ಣು ಬರೆಯುವವರೇ ಬೇರೆ, ಅವರು ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ ಒಂದೇ ಎಳೆತದಲ್ಲಿ ಮುಗಿಸುತ್ತಾರೆ. 15 ಮಿ.ಮೀ. ಸೈನಿಕನಿಗೆ ಕಣ್ಣು ಬೇಡವೇ ಬೇಡ, ಹುಬ್ಬಿನ ಕೆಳಗೆ ಒಂದು ನೆರಳು ಸಾಕು. ಆನೆಗೆ ಮಾತ್ರ ಬೇಕು.

ಠಾಣೆಯ ದಾಳ

ಅಕ್ಕ, ನಿಮ್ಮ ಬಣ್ಣಕ್ಕೂ ಮೇಷ್ಟ್ರ ಶಾಸನಕ್ಕೂ ಕೈ ಮುಗಿಯುತ್ತೇನೆ. ಆದರೆ ಆಟದ ದೃಷ್ಟಿಯಿಂದ ಈ ಚರ್ಚೆಗೆ ಅರ್ಥವಿಲ್ಲ. ಡಿಬಿಎಯಲ್ಲಿ ಆನೆಯ ಅಂಕ ಎದುರಾಳಿಯನ್ನು ನೋಡಿಕೊಂಡು 4 ಅಥವಾ 5. ಬೆನ್ನ ಮೇಲೆ ಅಂಬಾರಿಯಿರಲಿ, ಅರಮನೆಯೇ ಇರಲಿ, ಅಂಕ ಬದಲಾಗದು. ಬದಲಾಗುವುದು ಎದುರಾಳಿ ಯಾರು ಎಂಬುದರಿಂದ. ಲಘು ಕಾಲಾಳಿನ ಅಂಕ ಬರಿಯ 2, ಆದರೂ ಅವನ ಕೈಯಲ್ಲಿ ಸೋತ ಆನೆ ಹಿಂದೆ ಸರಿಯುವುದಿಲ್ಲ, ಹಲಗೆಯಿಂದಲೇ ಹೊರಹೋಗುತ್ತದೆ. ಪುಲಕೇಶಿಯ ಪಕ್ಷ ವಹಿಸುವವರು ಈಟಿ ಎಸೆಯುವ ಹಗುರ ಜನರನ್ನು ಆನೆಗಳ ಎದುರು ನಿಲ್ಲಿಸಿ, ಕುದುರೆಗಳನ್ನು ಬದಿಯಿಂದ ಸುತ್ತಿಸಿದರೆ ರವಿಕೀರ್ತಿಯ ಶ್ಲೋಕ ತಾನಾಗಿಯೇ ನಿಜವಾಗುತ್ತದೆ. ನಾಲ್ಕು ತುಕಡಿ ಹೋದರೆ ಸೋಲು. ನಿಮ್ಮ ಆರರಲ್ಲಿ ನಾಲ್ಕು ಆನೆಗಳನ್ನು ಹರ್ಷನಿಗೆ ಕೊಡುವುದಾದರೆ ಇದನ್ನು ಮರೆಯಬೇಡಿ.

ಇತಿಹಾಸ ಬೇಕೇ ಬೇಕೆನ್ನುವವರಿಗೆ ನಮ್ಮ ಮನೆಯ ಎರಡು ನಿಯಮಗಳನ್ನು ಕೊಡುತ್ತೇನೆ. ಮೊದಲನೆಯದು ಹ್ಯೂಯೆನ್‌ತ್ಸಾಂಗನ ಮಾತಿನಿಂದ ಬಂದದ್ದು: ಪುಲಕೇಶಿಯ ನಾಡಿನವರು ಯುದ್ಧಕ್ಕೆ ಮುನ್ನ ವೀರರಿಗೂ ನೂರಾರು ಆನೆಗಳಿಗೂ ಮದ್ಯ ಕುಡಿಸುತ್ತಿದ್ದರಂತೆ. ಆದ್ದರಿಂದ ಚಾಲುಕ್ಯ ಪಕ್ಷದ ಪ್ರತಿ ಆನೆಗೂ ಆರಂಭದಲ್ಲಿ ಒಂದು ದಾಳ ಹಾಕುತ್ತೇವೆ. 6 ಬಿದ್ದರೆ ಮೊದಲ ಕಾಳಗದಲ್ಲಿ ಒಂದು ಅಂಕ ಹೆಚ್ಚು. 1 ಬಿದ್ದರೆ ಎದುರಾಳಿ ಅದನ್ನು ಒಮ್ಮೆ ತನಗೆ ಬೇಕಾದ ದಿಕ್ಕಿಗೆ ನಡೆಸಬಹುದು. ಎರಡನೆಯದು, ಹಿಮ್ಮೆಟ್ಟುವ ಆನೆಯ ಹಿಂದೆ ಯಾರಿದ್ದರೂ, ಸ್ವಪಕ್ಷದವರಾದರೂ, ತುಳಿತಕ್ಕೆ ಸಿಕ್ಕಿದಂತೆಯೇ ಲೆಕ್ಕ. ಪೌರವನ ಆನೆಗಳು ಇಕ್ಕಟ್ಟಿಗೆ ಸಿಕ್ಕಿ ತಮ್ಮವರನ್ನೂ ಶತ್ರುಗಳನ್ನೂ ಒಂದೇ ಸಮನೆ ತುಳಿದವೆಂದು ಗ್ರೀಕ್ ಇತಿಹಾಸಕಾರ ಆರಿಯನ್ ಬರೆದಿರುವುದೇ ಇದಕ್ಕೆ ಆಧಾರ.

ಸೈನ್ಯವನ್ನು ಸಾಗಿಸುವ ಬಗ್ಗೆಯೂ ಒಂದು ಎಚ್ಚರಿಕೆ. ಬೇಸುಗಳ ಅಡಿಗೆ ಅಯಸ್ಕಾಂತದ ಹಾಳೆ ಅಂಟಿಸಿ ಮನೆಯ ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಂಡು ಲೋಕಲ್ ಹತ್ತಿದೆ. ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಹಿಡಿಯುವುದಿಲ್ಲ ಎಂಬ ಶಾಲೆಯ ಪಾಠ ನೆನಪಾದದ್ದು ಕುರ್ಲಾದಲ್ಲಿ, ಡಬ್ಬಿಯೊಳಗೆ ಸಾಮಂತರೆಲ್ಲ ಉರುಳಾಡುವ ಸದ್ದು ಕೇಳಿದಾಗ. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯೇ ಸರಿ.

ಮಡಗಾಂವ್ ವೀರಗಲ್ಲು

ತಡವಾಗಿ ಬರುತ್ತಿದ್ದೇನೆ. ಅಂಬಾರಿಯನ್ನು ಕತ್ತರಿಸಿ ಎಂದು ಮೇಷ್ಟ್ರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದಾರೆ. ನಾಲ್ಕನ್ನೂ ಕತ್ತರಿಸಬೇಡಿ, ಒಂದನ್ನು ಉಳಿಸಿಕೊಳ್ಳಿ ಎಂಬುದು ನನ್ನ ಕೋರಿಕೆ. ಕಾರಣ, ಈ ಆಟ ಆರಂಭಿಸಿದವರು ಯಾರೂ ಒಂದು ಸೈನ್ಯಕ್ಕೆ ನಿಲ್ಲುವುದಿಲ್ಲ. ಇನ್ನೊಂದು ವರ್ಷದಲ್ಲಿ ನೀವು ತಕ್ಕೋಲಕ್ಕೆ ಹೋಗುತ್ತೀರಿ.

949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಹೋರಾಡಿದ ಗಂಗರ ಬೂತುಗ, ಆನೆಯ ಮೇಲಿದ್ದ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಆ ಸಂಗತಿಯನ್ನು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ‘ಬಿಸುಗೆಯೆ ಕಳನಾಗಿ’ ಎಂಬ ಮಾತಿನಲ್ಲಿ ಹೇಳುತ್ತದೆ. ಬಿಸುಗೆ ಎಂದರೆ ಆನೆಯ ಮೇಲಿನ ಪೀಠ. ಆ ಪೀಠವೇ ರಣಕಣವಾಗಿ, ಅಲ್ಲಿಯೇ ಸುರಗಿಯಿಂದ ಇರಿದು ಕೊಂದನೆಂದು ಅರ್ಥ. ಇಬ್ಬರು ಹೋರಾಡಬೇಕಾದರೆ ಬೆನ್ನ ಮೇಲೆ ಜೂಲಿಗಿಂತ ಹೆಚ್ಚಿನದೇನೋ ಇದ್ದಿರಲೇಬೇಕು. ಹತ್ತನೆಯ ಶತಮಾನದ ಆನೆಗೆ ಪೀಠವಿತ್ತು ಎನ್ನಲು ಇದಕ್ಕಿಂತ ಒಳ್ಳೆಯ ಕನ್ನಡದ ಸಾಕ್ಷಿ ನನಗೆ ತಿಳಿದಿಲ್ಲ.

ಅದೇ ಕಲ್ಲಿನಲ್ಲಿ ಕಾಳಿ ಎಂಬ ನಾಯಿಯ ಕಥೆಯೂ ಇದೆ. ಬೂತುಗನ ಕಡೆಯ ಪರಾಕ್ರಮಿ ಮಣಲೇರ, ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎಂದಾಗ ಊರನ್ನು ಕೇಳದೆ ಆ ನಾಯಿಯನ್ನು ಕೇಳಿದ. ಕಾಳಿ ಹಂದಿಯೊಡನೆ ಹೋರಾಡಿ ಎರಡೂ ಸತ್ತಾಗ ಕಲ್ಲು ನಿಲ್ಲಿಸಿದ. ನನ್ನ ಗಂಗ ಸೈನ್ಯದಲ್ಲಿ ಮಣಲೇರನ ಬೇಸಿನ ಮೇಲೆ ಅಕ್ಕಿಕಾಳಿನಷ್ಟು ಗಾತ್ರದ ಒಂದು ನಾಯಿಯನ್ನು ಪುಟ್ಟಿಯಿಂದ ಮಾಡಿ ನಿಲ್ಲಿಸಿದ್ದೇನೆ. ಆಟದಲ್ಲಿ ಅದಕ್ಕೆ ಯಾವ ಅಂಕವೂ ಇಲ್ಲ. ಠಾಣೆಯವರು ನಗಬಹುದು.

ಆಯುಧಗಳ ಆಕಾರಕ್ಕೆ ಪುಸ್ತಕಗಳನ್ನು ಹುಡುಕುವ ಮೊದಲು ವೀರಗಲ್ಲುಗಳ ಮುಂದೆ ನಿಲ್ಲಿ. ಇಲ್ಲಿ ಹಳೆಯ ಗೋವೆಯ ಪುರಾತತ್ತ್ವ ಸಂಗ್ರಹಾಲಯದಲ್ಲಿ ಕದಂಬರ ಕಾಲದ ಕಲ್ಲುಗಳಿವೆ, ಹಡಗಿನ ಕಾಳಗದ್ದೂ ಇದೆ. ಮುಂಬಯಿಯವರಿಗೆ ಬೋರಿವಲಿಯ ಎಕ್ಸರ್ ಗ್ರಾಮದ ಆರು ವೀರಗಲ್ಲುಗಳಿವೆ; ಹುಟ್ಟುಗಳ ಸಾಲಿರುವ ಹಡಗುಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು. ಅವು ನಿಮ್ಮ ಕಾಲಕ್ಕಿಂತ ಬಹಳ ಈಚಿನವು, ಆದ್ದರಿಂದ ಪುಲಕೇಶಿಗೆ ನೇರವಾಗಿ ಎತ್ತಿಕೊಳ್ಳಬೇಡಿ. ಆದರೂ ಐಹೊಳೆ ಶಾಸನದಲ್ಲಿ ಮದಗಜಗಳಂತಿದ್ದ ನೂರಾರು ಹಡಗುಗಳಿಂದ ಅವನು ಮುತ್ತಿದ ಪಡುವಣ ಕಡಲ ಪುರಿ ನಿಮ್ಮ ಘಾರಾಪುರಿಯೇ (ಎಲಿಫೆಂಟಾ) ಇರಬಹುದೆಂದು ಕೆಲವು ವಿದ್ವಾಂಸರು ಹೇಳುವುದನ್ನು ನೆನೆದಾಗ, ಗೇಟ್‌ವೇಯಿಂದ ದೋಣಿ ಹತ್ತುವ ಮುಂಬಯಿಯ ಕನ್ನಡಿಗರ ಬಗ್ಗೆ ನನಗೆ ಅಸೂಯೆಯಾಗುತ್ತದೆ.

ಡೊಂಬಿವಲಿ ಮೇಷ್ಟ್ರು

ಮಡಗಾಂವಿನವರ ಪತ್ರವನ್ನು ಎರಡು ಬಾರಿ ಓದಿದೆ. ಒಂದು ತಕರಾರಿದೆ. ಆತಕೂರಿನ ಆ ಪದಗಳನ್ನು ಮೊದಲು ಓದಿದವರು ‘ಕಳನಾಗಿ’ ಎಂಬುದರಲ್ಲಿ ಕಳ್ಳತನವನ್ನು ಕಂಡು, ಬೂತುಗ ಅಪ್ಪಿಕೊಳ್ಳುವ ನೆಪದಲ್ಲಿ ಮೋಸದಿಂದ ಇರಿದನೆಂದು ಅರ್ಥ ಮಾಡಿದ್ದರು. ಪೀಠವೆಂಬ ಅರ್ಥ ಆಮೇಲೆ ಬಂದದ್ದು; ನನಗೂ ಅದೇ ಸರಿಯೆನಿಸುತ್ತದೆ, ಏಕೆಂದರೆ ತನ್ನ ಒಡೆಯ ಮೋಸ ಮಾಡಿದನೆಂದು ಯಾವ ಸೇವಕನೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಅತ್ತ ಚೋಳರ ಲೈಡನ್ ತಾಮ್ರಪಟದಲ್ಲಿ ರಾಜಾದಿತ್ಯ ಆನೆಯ ಮೇಲಿದ್ದಾಗ ಬಾಣದಿಂದ ಸತ್ತ. ಬಾಣಕ್ಕೆ ಪೀಠ ಬೇಕಾಗಿಲ್ಲ.

ಪೀಠವಿತ್ತೆಂದೇ ಒಪ್ಪೋಣ. ಆದರೂ ಅದು ಹಲಗೆಯಂತಹ ತಗ್ಗು ಆಸನವೋ, ಅಂಚಿರುವ ಪೆಟ್ಟಿಗೆಯೋ ಎಂಬುದು ಪದದಿಂದ ತಿಳಿಯುವುದಿಲ್ಲ. ಕೋಟೆಯಂತೆ ತೆನೆಗಳಿರುವ ಗ್ರೀಕರ ಗೋಪುರ ಮಾತ್ರ ಖಂಡಿತ ಅಲ್ಲ. ಆದ್ದರಿಂದ ಒಂದನ್ನು ಉಳಿಸಿಕೊಂಡರೂ ಮೇಲಿನ ತೆನೆಗಳನ್ನು ಅರದಿಂದ ಉಜ್ಜಿ, ಮೊಣಕಾಲೆತ್ತರಕ್ಕೆ ತಗ್ಗಿಸಬೇಕು ಎಂಬುದು ನನ್ನ ತಿದ್ದಿದ ತೀರ್ಪು.

ಠಾಣೆಯ ದಾಳ

ನಾಯಿಗೆ ನಗಲಿಲ್ಲ. ಹಂದಿಯನ್ನೂ ಮಾಡಿ.

ಮಾಟುಂಗಾ ಗೊಂಬೆಮನೆ

ಎಲ್ಲರಿಗೂ ಕೃತಜ್ಞತೆಗಳು. ಎರಡು ಭಾನುವಾರಗಳ ಕೆಲಸದ ವರದಿ ಇದು. ಮೂರು ಅಂಬಾರಿಗಳನ್ನು ಕತ್ತರಿಸಿದೆ, ನಾಲ್ಕನೆಯದನ್ನು ಮೇಷ್ಟ್ರು ಹೇಳಿದ ಎತ್ತರಕ್ಕೆ ಉಜ್ಜಿ ತಕ್ಕೋಲಕ್ಕಾಗಿ ಎತ್ತಿಟ್ಟೆ. ಬಾಗಿದ ಈಟಿಗಳನ್ನೆಲ್ಲ ಕಿತ್ತು, ತಮ್ಮನ ತಂಬೂರಿಯ ತುಂಡಾದ ಉಕ್ಕಿನ ತಂತಿಯಿಂದ ಹೊಸ ಈಟಿಗಳನ್ನು ಮಾಡಿದ್ದೇನೆ. ಅವು ಬಾಗುವುದಿಲ್ಲ, ಆದರೆ ಬೆರಳಿಗೆ ಚುಚ್ಚುತ್ತವೆ.

ಅಷ್ಟರಲ್ಲಿ ಒಂದು ಅನಾಹುತ ಆಯಿತು. ಮೊದಲೆರಡು ಆನೆಗಳು ಮುಗಿದ ಖುಷಿಯಲ್ಲಿ, ಹೊರಗೆ ಧೋ ಎಂದು ಮಳೆ ಸುರಿಯುತ್ತಿದ್ದರೂ, ಗ್ಯಾಲರಿಯಲ್ಲಿ ನಿಂತು ಮ್ಯಾಟ್ ವಾರ್ನಿಶ್ ಸ್ಪ್ರೇ ಮಾಡಿದೆ. ಹತ್ತು ನಿಮಿಷದಲ್ಲಿ ಆನೆಗಳ ಮೈಮೇಲೆ ಇಬ್ಬನಿ ಹೆಪ್ಪುಗಟ್ಟಿದಂತೆ ಬಿಳಿ ಪೊರೆ ಬಂದಿತು. ಕೋಥ್ರೂಡಿನ ಅಕ್ಕ, ಇದಕ್ಕೆ ಪರಿಹಾರವಿದೆಯೇ, ಅಥವಾ ಇವನ್ನು ಐರಾವತವೆಂದು ಕರೆದು ಸುಮ್ಮನಾಗಲೇ?

ಕೋಥ್ರೂಡ್ ಕುಂಚ

ಜುಲೈಯ ಮುಂಬಯಿಯಲ್ಲಿ ಸ್ಪ್ರೇ ಮಾಡಿದಿರಿ ಎಂದು ಓದಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡೆ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವವನ್ನು ಅಲ್ಲಿಯೇ ಹಿಡಿದುಕೊಳ್ಳುವುದರಿಂದ ಆ ಪೊರೆ ಬರುತ್ತದೆ. ಕೆಳಗಿನ ಬಣ್ಣಕ್ಕೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಎರಡು ದಿನ ಒಣಗಲು ಬಿಡಿ. ಆಮೇಲೆ ಕುಂಚದಿಂದ ಹಚ್ಚುವ ಹೊಳಪಿನ ವಾರ್ನಿಶನ್ನು ತೆಳುವಾಗಿ ಎಳೆಯಿರಿ. ಪೊರೆ ಬಹುಮಟ್ಟಿಗೆ ಕರಗಿ ಬಣ್ಣ ಕಾಣಿಸಿಕೊಳ್ಳುತ್ತದೆ. ಅದು ಪೂರ್ತಿ ಆರಿದ ನಂತರ ಕುಂಚದಿಂದಲೇ ಮ್ಯಾಟ್ ವಾರ್ನಿಶ್ ಹಚ್ಚಿ, ಬಾಟಲಿಯನ್ನು ಮೊದಲು ಚೆನ್ನಾಗಿ ಕುಲುಕಿ. ಚಪ್ಪಲಿಯ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಜೆಲ್ ಚೀಟಿಗಳನ್ನು ಎಸೆಯದೆ ಕೂಡಿಟ್ಟು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಬೊಂಬೆಗಳ ಜೊತೆ ಇಡಿ. ಸ್ಪ್ರೇ ಪ್ರೈಮರ್ ಕೂಡ ದಸರೆಯ ನಂತರವೇ. ಮಳೆಗಾಲವನ್ನು ಕತ್ತರಿಸುವ, ಪುಟ್ಟಿ ತುಂಬುವ, ಕುಂಚದ ಕೆಲಸಕ್ಕೆ ಇಟ್ಟುಕೊಳ್ಳಿ.

ಮಾಟುಂಗಾ ಗೊಂಬೆಮನೆ

ಪೊರೆ ಹೋಯಿತು. ಒಂದು ಆನೆಯ ಎಡಗಿವಿಯ ಹಿಂದೆ ಮಾತ್ರ ತೆಳ್ಳಗೆ ಉಳಿದಿದೆ. ಅದನ್ನು ಧೂಳೆಂದು ಹೇಳಿಕೊಳ್ಳುತ್ತೇನೆ.

ನಿನ್ನೆ ಠಾಣೆಯವರು ಬಂದಿದ್ದರು, ಬಿಸ್ಕತ್ತಿನ ಡಬ್ಬಿಯೊಡನೆ. ಅವರು ಹರ್ಷ, ನಾನು ಪುಲಕೇಶಿ. ನನ್ನ ಎರಡು ಆನೆಗಳಿಗೆ ಮದ್ಯದ ದಾಳ ಹಾಕಿದಾಗ ಒಂದಕ್ಕೆ 1 ಬಿತ್ತು. ಅವರು ಅದನ್ನು ತಿರುಗಿಸಿ ನನ್ನದೇ ಬಿಲ್ಲಾಳುಗಳ ಮೇಲೆ ನಡೆಸಿದರು. ಹಗುರ ಜನರು ಅವರ ಎರಡು ಆನೆಗಳನ್ನು ಕೆಡವಿದರು, ಮೂರನೆಯದು ಹಿಮ್ಮೆಟ್ಟುವಾಗ ತನ್ನ ಹಿಂದಿದ್ದ ಕುದುರೆಗಳನ್ನು ತುಳಿಯಿತು. ಅಲ್ಲಿಗೆ ಅವರದು ಮೂರು ಹೋಗಿತ್ತು, ನನ್ನದೂ ಮೂರು. ಆಮೇಲೆ ನನಗೆ ಸತತವಾಗಿ ಎರಡು ಬಾರಿ ಚಲನೆಯ ದಾಳದಲ್ಲಿ 1 ಬಿದ್ದು, ಒಂದು ಗುಂಪನ್ನು ಬಿಟ್ಟು ಬೇರೆ ಯಾರನ್ನೂ ಅಲುಗಿಸಲಾಗದೆ, ಬಲಬದಿಯ ಸವಾರರು ಸುತ್ತುವರಿಯಲ್ಪಟ್ಟು ಹೋದರು. ನರ್ಮದೆಯನ್ನು ಹರ್ಷ ದಾಟಿದ.

ಮೇಷ್ಟ್ರೇ, ಮುಂದಿನ ಭಾನುವಾರ ನೀವು ಬರುವುದಾದರೆ ಪುಲಕೇಶಿಯನ್ನು ನಿಮಗೆ ಕೊಡುತ್ತೇನೆ. ಬರುವಾಗ ನಿಮ್ಮಲ್ಲಿರುವ ಸಣ್ಣ ಅರವನ್ನು ತನ್ನಿ, ತಕ್ಕೋಲದ ಆನೆಯ ಪೀಠ ಇನ್ನೂ ಸ್ವಲ್ಪ ಎತ್ತರವಾಗಿಯೇ ಉಳಿದಿದೆ.